ನಗ್ಗು ತೆಗೆಸಿದ ತಂಬಿಗೆ

ರೇಖಾ, ಸಿದ್ದೇಶ, ನನ್ನ ಮೊಮ್ಮಕ್ಕಳೇ, ಪತ್ರಿಕೆಗೆ ನಾನು ಬರೆಯುವ ಈ ವಾರದ ಪುಟ ನಿಮ್ಮಿಬ್ಬರಿಗೆ. ಪ್ರತಿವಾರ ಓದುವ ಉಳಿದವರು ಪಕ್ಕದ ಮನೆಯವರಂತೆ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳಲಿ, ಅಡ್ಡಿಯಿಲ್ಲ.

ನಾನೊಂದು ತಪ್ಪು ಮಾಡಿದ್ದೇನೆ. ಬಾಯಿಬಿಟ್ಟು ಹೇಳಲು ನನಗೆ ಬರುವುದಿಲ್ಲ, ನಿಮಗೆ ಗೊತ್ತೇ ಇದೆ. ನಾಲ್ಕು ಜನ ಸೇರಿದರೆ ಹಿಂದಿನ ಸಾಲಿಗೆ ಸರಿದು ನಿಲ್ಲುತ್ತೇನೆ. ಏಳನೇ ಕ್ಲಾಸಿನವರೆಗೆ ಓದಿದ ಊರ ಶಾಲೆ ನನಗೆ ಬರೆಯುವುದನ್ನು ಕಲಿಸಿತು, ಮಾತಾಡುವುದನ್ನು ಕಲಿಸಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

(ರೇಖಾ, ಡಬ್ಲಿನ್‌ನಲ್ಲಿ ಆಸ್ಪತ್ರೆ ಡ್ಯೂಟಿ ಮುಗಿಸಿ ಬಂದವಳು ಹಸಿದುಕೊಂಡು ಓದಬೇಡ. ಊಟ ಮಾಡಿ ಓದು.)

ಶುರುವಾದದ್ದು ರೇಖಾಳಿಂದಲೇ. ಒಂದು ಭಾನುವಾರ ಮಧ್ಯಾಹ್ನ ನಾನು ಬಿತ್ತನೆಗೆಂದು ಶೇಂಗಾ ಸುಲಿಯುತ್ತಾ ಕೂತಿದ್ದೆ. ಫೋನು ಬಡಿದುಕೊಂಡಿತು. ವಿಡಿಯೋ ಕಾಲ್. ಮೊಮ್ಮಗಳ ಮುಖ ಕಾಣುತ್ತದೆ ಎಂದುಕೊಂಡರೆ ಕಂಡದ್ದು ಗಾಜಿನ ಪೆಟ್ಟಿಗೆ.

"ಅಜ್ಜಿ, ಇವತ್ತು ರಜಾ. ಮ್ಯೂಸಿಯಂ ನೋಡಾಕ ಬಂದೀನಿ. ನಿನಗೂ ತೋರಿಸ್ತೀನಿ."

"ನನಗ್ಯಾಕಬೇ ಅದು? ಇನ್ನಾ ಅರ್ಧ ಚೀಲ ಸುಲಿಯೋದೈತಿ."

"ಸುಲಿಕೋತ ನೋಡು. ದುಡ್ಡೇನ್ ಕೇಳಲ್ಲ ಅವರು."

ನೋಡಿದೆ. ಐರ್ಲೆಂಡಿನವರೂ ನಮ್ಮ ಹಾಗೆ ಬ್ರಿಟಿಷರ ಕೈಕೆಳಗೆ ಇದ್ದವರಂತೆ. ನೂರು ವರ್ಷಕ್ಕೂ ಹಿಂದೆ, ಅವರ ಈಸ್ಟರ್ ಹಬ್ಬದ ವಾರ, ಒಂದಿಷ್ಟು ಜನ ದಂಗೆ ಎದ್ದರಂತೆ. ದೊಡ್ಡ ಸೈನ್ಯವೇನಲ್ಲ. ಮೇಷ್ಟ್ರುಗಳು, ಕೂಲಿಯವರು, ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗಿಯರು. ಊರ ನಡುವಿನ ದೊಡ್ಡ ಅಂಚೆ ಕಚೇರಿಯನ್ನು ಹಿಡಿದು ಕೂತರು. ಆರು ದಿನ. ಆಮೇಲೆ ಸೋತರು. ಮುಂದಾಳುಗಳನ್ನು ಬ್ರಿಟಿಷರು ಒಬ್ಬೊಬ್ಬರನ್ನಾಗಿ ಗುಂಡಿಟ್ಟು ಕೊಂದರು.

(ಅಂಚೆ ಕಚೇರಿ ಹಿಡಿದು ದೇಶ ಬಿಡಿಸಿಕೊಳ್ಳಲು ಹೊರಟಿದ್ದರೇ ಎಂದು ನಗು ಬಂತು. ನಮ್ಮವರು ಟೆಲಿಗ್ರಾಫ್ ತಂತಿ ಕಡಿದದ್ದು ನೆನಪಾಗಿ ನಗು ನುಂಗಿಕೊಂಡೆ.)

ರೇಖಾ ಒಂದೊಂದೇ ಪೆಟ್ಟಿಗೆ ತೋರಿಸಿದಳು. ಒಂದು ಹಸಿರು ಬಾವುಟ. ಅದು ಬಾವುಟವಾಗುವ ಮೊದಲು ಯಾರದೋ ಮಂಚದ ಹೊದಿಕೆಯಂತೆ. ಅಕ್ಷರ ಬರೆಯಲು ಬಂಗಾರದ ಬಣ್ಣ ಸಾಲದೆ ಅದಕ್ಕೆ ಸಾಸಿವೆ ಕಲಸಿದರಂತೆ. ಇದು ನನಗೆ ಹಿಡಿಸಿತು. ಅಡುಗೆಮನೆಯ ಡಬ್ಬಿ ತೆರೆದವರು ಯಾರೋ ಹೆಣ್ಣುಮಗಳೇ ಇರಬೇಕು. ಇನ್ನೊಂದರಲ್ಲಿ ಒಬ್ಬ ಮಗ ಸಾಯುವ ಮುನ್ನ ತಾಯಿಗೆ ಬರೆದ ಕಾಗದ. ಮತ್ತೊಂದರಲ್ಲಿ ಒಂದು ಒಳಂಗಿ. ಗಾಯವಾಗಿ ನಿಲ್ಲಲೂ ಆಗದ ಒಬ್ಬ ಮುಂದಾಳನ್ನು ಕುರ್ಚಿಗೆ ಕಟ್ಟಿ ಗುಂಡು ಹೊಡೆದರಂತೆ, ಅವನದು. ರಕ್ತದ ಕಲೆ ಕಂದುಬಣ್ಣಕ್ಕೆ ತಿರುಗಿ ಹಾಗೇ ಇದೆ.

"ಇವರಿಗೆ ಒಗಿಯಾಕ ಬರಲ್ಲೇನ್?" ಎಂದೆ.

"ಒಗದ್ರ ಏನ್ ಉಳಿತೈತಿ ಅಜ್ಜಿ?"

"ಅಂಗಿ ಉಳಿತೈತಿ."

ಅವಳು ನಕ್ಕಳು, ನಾನೂ ನಕ್ಕೆ. ಅವಳು ನಕ್ಕದ್ದು ಒಂದಕ್ಕೆ, ನಾನು ನಕ್ಕದ್ದು ಇನ್ನೊಂದಕ್ಕೆ. ಅದು ಆಗ ತಿಳಿಯಲಿಲ್ಲ.

ಕೊನೆಗೆ ಒಂದು ಫೋಟೊ. ಸೋತವರ ನಾಯಕ ಶರಣಾಗಲು ಬಂದು ನಿಂತಿದ್ದಾನೆ. ಎದುರಿಗೆ ಇಂಗ್ಲಿಷ್ ಅಧಿಕಾರಿ. "ನಾಯಕನ ಕಾಲ ಹತ್ರ ನೋಡು, ಎಷ್ಟು ಬೂಟು ಅದಾವ?" ಎಂದಳು ರೇಖಾ. ಕನ್ನಡಕ ಹಾಕಿಕೊಂಡು ನೋಡಿದೆ. ಅವನವೆರಡು. ಹಿಂದೆ ಇನ್ನೆರಡು. ಅವು ಒಬ್ಬ ಹೆಂಗಸಿನ ಬೂಟು. ಆಕೆ ನರ್ಸು, ನಮ್ಮ ರೇಖಾಳ ಹಾಗೆ. ಗುಂಡು ಹಾರುತ್ತಿದ್ದ ಬೀದಿಯಲ್ಲಿ ಬಿಳಿ ಬಾವುಟ ಹಿಡಿದು ಮೊದಲು ಒಬ್ಬಳೇ ನಡೆದು ಹೋದವಳು ಆಕೆ. ಫೋಟೊ ತೆಗೆಯುವಾಗ ಮಾತ್ರ ಗಂಡಸಿನ ಹಿಂದೆ ಮರೆಯಾದಳು. ಆಮೇಲೆ ಕೆಲವು ಕಡೆ ಅಚ್ಚು ಹಾಕುವಾಗ ಆ ಎರಡು ಬೂಟನ್ನೂ ಅಳಿಸಿಬಿಟ್ಟರಂತೆ.

ಫೋನಿಟ್ಟ ಮೇಲೆ ಶೇಂಗಾ ಮೇಲೆ ಮನಸ್ಸು ನಿಲ್ಲಲಿಲ್ಲ. ಎದ್ದೆ, ಕೂತೆ, ಮತ್ತೆ ಎದ್ದೆ. ಒಲೆ ಮೇಲಿನ ಚಹಾ ಉಕ್ಕಿ ಹೋಯಿತು. ಅಷ್ಟು ದೂರದವರು ಹೊದಿಕೆ, ಬನಿಯನ್, ಕಾಗದದ ಚೂರು ಎಲ್ಲ ಎತ್ತಿಟ್ಟಿದ್ದಾರೆ. ನಮ್ಮ ಮನೆಯಲ್ಲಿ ಏನಿದೆ? ನಿಮ್ಮ ಮುತ್ತಾತ, ಎಂದರೆ ನನ್ನ ಮಾವ ಹನುಮಪ್ಪನವರು, ನಲವತ್ತೆರಡರ ಚಲೇಜಾವ್ ಚಳವಳಿಯ ಕಾಲದಲ್ಲಿ ಕೊಟ್ಟೂರು ಕಡೆಯ ರೈಲು ಹಳಿ ಪಕ್ಕದ ತಂತಿ ಕಡಿದು ಗುಡ್ಡದಲ್ಲಿ ಅಡಗಿದ್ದವರು. ಟ್ರಂಕು ತೆಗೆದೆ. ಅಟ್ಟ ಹತ್ತಿದೆ (ಈ ವಯಸ್ಸಿನಲ್ಲಿ, ಹೌದು, ಬೈಯಬೇಡಿ). ಸಿಕ್ಕದ್ದು ಒಂದೇ. ಗುಡ್ಡದಲ್ಲಿದ್ದಾಗ ಅವರು ನೀರು ಕುಡಿಯುತ್ತಿದ್ದ ಹಿತ್ತಾಳೆ ತಂಬಿಗೆ. ಕರಿ ಹಿಡಿದಿತ್ತು. ಹೊಟ್ಟೆಯ ಮೇಲೆ ದೊಡ್ಡದೊಂದು ನಗ್ಗು. ಮದುವೆಯಾಗಿ ಬಂದ ಹೊಸದರಲ್ಲಿ ಆ ನಗ್ಗು ಹೇಗಾಯಿತೆಂದು ಅತ್ತೆಯನ್ನು ಕೇಳಿದ್ದೆ. "ಬಾವ್ಯಾಗ ಬಿದ್ದು ಕಲ್ಲಿಗೆ ತಾಗಿತ್ತು" ಎಂದಿದ್ದರು. ಅಲ್ಲಿಗೆ ಮುಗಿದಿತ್ತು.

ಸಿದ್ದೇಶ, ನೀನು ಆ ಸಂಜೆ ಬಂದವನೇ ತಂಬಿಗೆ ನೋಡಿ ಕುಣಿದೆ. ನೀನು ಪಾಠ ಹೇಳುವ ಹೈಸ್ಕೂಲಿನಲ್ಲಿ ಆಗಸ್ಟ್ ಹದಿನೈದಕ್ಕೆ ಪ್ರದರ್ಶನವಿದೆ, ಹಳೇ ಸಾಮಾನು ಬೇಕು, ಇತಿಹಾಸದ ವೀರೇಶ ಮೇಷ್ಟ್ರು ಮನೆ ಮನೆ ಕೇಳುತ್ತಿದ್ದಾರೆ ಎಂದೆ. ಎರಡು ದಿನ ಬಿಟ್ಟು ಒಯ್ಯುತ್ತೇನೆಂದು ಹೇಳಿ ಹೋದೆ.

ಆ ಎರಡು ದಿನದಲ್ಲಿ ನಾನು ಏನು ಮಾಡಿದೆ?

ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತಿದೆ. ಮನೆಯ ಪಾತ್ರೆ ಹೊಸ್ತಿಲು ದಾಟುವಾಗ ಕೊಳಕಾಗಿರಬಾರದು, ನಗ್ಗಿರಬಾರದು, ಖಾಲಿಯೂ ಇರಬಾರದು. ನಗ್ಗಿದ ಪಾತ್ರೆ ನಾಲ್ಕು ಜನರೆದುರು ಇಟ್ಟರೆ ಮನೆಯ ಹೆಂಗಸಿನ ಮರ್ಯಾದೆ ಹೋದಂತೆ. ಅದೂ ಸಾಹೇಬರೆಲ್ಲ ಬಂದು ನೋಡುವ ಕಡೆ! ಬಸ್ ಹತ್ತಿ ಕೊಟ್ಟೂರಿಗೆ ಹೋದೆ. ಪಾತ್ರೆ ರಿಪೇರಿಯ ಖಾದರಸಾಬ್ರು ಬಾಗಿದ ಕಬ್ಬಿಣದ ಸಲಾಕೆಯನ್ನು ಒಳಗೆ ತೂರಿಸಿ, ಮೇಲಿನಿಂದ ಮರದ ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ನಗ್ಗು ತೆಗೆದರು. ಮಷಿನ್ನಿಗೆ ಹಿಡಿದು ಪಾಲಿಶ್ ಮಾಡಿದರು. ಬಂಗಾರದಂತೆ ಹೊಳೆಯಿತು. ಮನೆಗೆ ಬಂದು ಒಳಗೊಂದು ಹಿಡಿ ಜೋಳ ಹಾಕಿ, ಹೊಸ ಟವಲಿನಲ್ಲಿ ಸುತ್ತಿ ಸಿದ್ದೇಶನ ಕೈಗೆ ಕೊಟ್ಟೆ. ಎಷ್ಟು ಹೆಮ್ಮೆ ನನಗೆ!

ಪ್ರದರ್ಶನದ ಮೊದಲ ದಿನ ಕೊನೆಯ ಬೆಂಚಿನ ಹಿಂದೆ ನಿಂತಿದ್ದೆ. ನಮ್ಮ ತಂಬಿಗೆಗೆ ನಡುವಿನ ಮೇಜು. ಮುಂದೊಂದು ಕಾರ್ಡು: "ಸ್ವಾತಂತ್ರ್ಯ ಹೋರಾಟಗಾರ ಹನುಮಪ್ಪನವರು ಭೂಗತರಾಗಿದ್ದಾಗ ಬಳಸಿದ ತಂಬಿಗೆ." ಅದನ್ನು ಎಷ್ಟು ಸಲ ಓದಿದೆನೋ.

ಆಗ ಇಟ್ಟಿಗಿ ಊರಿನಿಂದ ಆಟೋದಲ್ಲಿ ಹಾಲಮ್ಮಕ್ಕ ಬಂದರು. ನಿಮ್ಮ ತಾತನ ಅಕ್ಕ. ತೊಂಬತ್ತು ದಾಟಿದೆ, ಕಣ್ಣು ಮಂಜು, ಬಾಯಿ ಮಾತ್ರ ಮೊದಲಿನಷ್ಟೇ ಚುರುಕು. ತಂಬಿಗೆ ಕೈಗೆ ಕೊಡಿರೆಂದು ಹಟ ಹಿಡಿದರು. ಮೇಷ್ಟ್ರು ಕೊಟ್ಟರು. ಅಕ್ಕನ ಬೆರಳು ತಂಬಿಗೆಯ ಸುತ್ತ ಒಂದು ಸುತ್ತು ಹೋಯಿತು. ಇನ್ನೊಂದು ಸುತ್ತು.

"ಇದು ನಮ್ಮ ಮನಿ ತಂಬಿಗಿ ಅಲ್ಲ."

"ನಮ್ಮದಾ ಅಕ್ಕಾ," ಎಂದೆ.

"ಮತ್ತ ನಗ್ಗು ಎಲ್ಲೈತಿ?"

"ತೆಗಿಸೀನಿ. ನಾಕು ಮಂದಿ ನೋಡೋದಲ್ಲಕ್ಕ." ನನ್ನ ದನಿಯಲ್ಲಿ ಇನ್ನೂ ಹೆಮ್ಮೆ ಇತ್ತು.

ಅಕ್ಕ ತಂಬಿಗೆಯನ್ನು ಮೇಜಿನ ಮೇಲೆ ಇಟ್ಟರು. ಆಮೇಲೆ, "ಅಯ್ಯ ನಿನ್ನ! ನಮ್ಮವ್ವಂದು ಅಂತ ಇದ್ದದ್ದು ಅದೊಂದಾ ಆಗಿತ್ತು. ಅದನ್ನೂ ತೆಗಿಸಿಬಿಟ್ಟೇನ?"

"ಬಾವ್ಯಾಗ ಬಿದ್ದು ಆಗಿದ್ದಲ್ಲೇನಕ್ಕ?"

"ಎಲ್ಲಿ ಬಾವಿ? ಆ ಬಾವಿ ಖಾಕಿ ಅಂಗಿ ಹಾಕ್ಕೊಂಡು ಕೈಯಾಗ ಲಾಠಿ ಹಿಡಕೊಂಡಿತ್ತು!"

ಸುತ್ತ ಇದ್ದವರು ಹತ್ತಿರ ಬಂದರು. ಹಾಲಮ್ಮಕ್ಕ ಅಲ್ಲೇ ಕುರ್ಚಿ ಎಳೆಸಿಕೊಂಡು ಕೂತರು. ಅವರು ಹೇಳಿದ್ದನ್ನು ಆದಷ್ಟು ಅವರ ಮಾತಿನಲ್ಲೇ ಬರೆಯುತ್ತೇನೆ.

"ಅಪ್ಪ ಗುಡ್ಡ ಸೇರಿದ್ದ. ಊರ ತುಂಬ ಪೊಲೀಸ್ರು. ರೊಟ್ಟಿ ನೀರು ಹೆಂಗ ಮುಟ್ಟಿಸ್ಬೇಕು? ಗಂಡಸ್ರು ಒಬ್ಬರೂ ಮನಿ ಬಿಟ್ಟು ಕದಲಂಗಿಲ್ಲ. ನಮ್ಮವ್ವ ಏನ್ ಮಾಡಿದ್ಳು, ರೊಟ್ಟಿ ಉಡಿಯಾಗ ಕಟ್ಟಿದ್ಳು, ಈ ತಂಬಿಗಿ ತುಂಬ ನೀರು ಹಿಡಿದ್ಳು, ಬಯಲಿಗೆ ಹೊಂಟಂಗ ಹೊಂಟ್ಳು. ಜೊತಿಗೆ ನಾನು. ಎಂಟು ವರ್ಷದಾಕಿ. ನಸುಕಿನಾಗ ತಂಬಿಗಿ ಹಿಡಕೊಂಡು ಹೊಂಟ ಹೆಣ್ಮಗಳನ್ನ ಯಾರ್ ತಡೀತಾರ? ಪೊಲೀಸನೂ ಮುಖ ತಿರುವ್ತಿದ್ದ!"

(ರೇಖಾ, ಆಗ ಮನೆಗಳಲ್ಲಿ ಪಾಯಿಖಾನೆ ಇರಲಿಲ್ಲ. ತಂಬಿಗೆ ಹಿಡಿದು ಊರ ಹೊರಗಿನ ಬಯಲಿಗೆ ಹೋಗುತ್ತಿದ್ದರು. ಕುಡಿಯುವ ತಂಬಿಗೆ ಬೇರೆ, ಆ ತಂಬಿಗೆ ಬೇರೆ. ಒಂದನ್ನು ಇನ್ನೊಂದಕ್ಕೆ ಯಾರೂ ಬಳಸುತ್ತಿರಲಿಲ್ಲ.)

"ಒಂಬತ್ತು ದಿನ ನಡೀತು. ಹತ್ತನೇ ದಿನ ಒಬ್ಬ ಪೊಲೀಸನಿಗೆ ಅನುಮಾನ ಬಂತು. ಬಯಲಿಗೆ ಹೋಗೋಕಿಗೆ ಗುಡ್ಡದ ತನಕ ಏನ್ ಕೆಲಸ ಅಂದ. ಹನುಮ ಎಲ್ಲದಾನ ಅಂದ. ನಮ್ಮವ್ವ ಬಾಯಿ ಬಿಡ್ಲಿಲ್ಲ. ಬೀಸಿ ಹೊಡದ. ಮೊದಲ್ನೇದು ತಂಬಿಗಿಗೆ ಬಿತ್ತು. ಎರಡ್ನೇದು ಎಡಗೈ ಮಣಿಕಟ್ಟಿಗೆ. ಆಗ ನಮ್ಮವ್ವ ಏನಂದ್ಳು ಗೊತ್ತೇನ್ರಿ? 'ಹೊಟ್ಟಿ ಕೆಟ್ಟೈತ್ರಿ ಸಾಹೇಬ್ರ, ದೂರ ನಿಲ್ರಿ' ಅಂದ್ಳು!"

ಎಲ್ಲರೂ ಗೊಳ್ಳೆಂದು ನಕ್ಕರು.

"ಮತ್ತ ಯಾಕ ಹೇಳ್ಲಿಲ್ಲಕ್ಕ ಇಷ್ಟು ವರ್ಷ?" ಎಂದೆ.

"ಹೇಳ್ಬ್ಯಾಡ ಅಂತ ಆಣಿ ಹಾಕಿಸಿದ್ಳು. ಬಯಲ ತಂಬಿಗಿ ನೀರು ಕುಡದ ಅಂತ ಅಪ್ಪನ್ನ ನೋಡಿ ಮಂದಿ ನಗಬಾರ್ದಲ್ಲ. ಅವನಿಗೆ ಹಾರ ಹಾಕೋರ ಮುಂದ ಇದನ್ನ ಹೆಂಗ ಹೇಳ್ತಿ? ಈಗ ಅವನೂ ಇಲ್ಲ, ಆಕಿನೂ ಇಲ್ಲ. ಆಣಿ ಯಾರಿಗೆ ತಟ್ಟಬೇಕೈತಿ, ನನಗಾ? ತಟ್ಲಿ ಬಿಡು."

ಆಗ ನನಗೆ ಒದ್ದೆ ಸೀರೆ ನೆನಪಾಯಿತು. ಬಟ್ಟೆ ಒಗೆದಾಗಲೆಲ್ಲ ಅತ್ತೆ ಸೀರೆಯ ಒಂದು ತುದಿ ನನ್ನ ಕೈಗೆ ಕೊಟ್ಟು "ಹಿಂಡು" ಎನ್ನುತ್ತಿದ್ದರು. ತಾವು ಇನ್ನೊಂದು ತುದಿ ಹಿಡಿದು ಸುಮ್ಮನೆ ನಿಲ್ಲುತ್ತಿದ್ದರು. ಸೊಸೆಯಿಂದ ಕೆಲಸ ತೆಗೆಯುವ ಠೀವಿ ಎಂದುಕೊಂಡಿದ್ದೆ. ತವರಿಗೆ ಹೋದಾಗ ನಮ್ಮ ಅವ್ವನ ಮುಂದೆ ಆಡಿಕೊಂಡೂ ಇದ್ದೆ. ಅವರ ಎಡಗೈ ತಿರುಗುತ್ತಲೇ ಇರಲಿಲ್ಲ. ಇಪ್ಪತ್ತು ವರ್ಷ ಅದೇ ಕೈಯ ಎದುರು ನಿಂತು ಸೀರೆ ಹಿಂಡಿದೆ, ಒಂದು ದಿನವೂ ಕೇಳಲಿಲ್ಲ.

ಅತ್ತೆಯ ಹೆಸರು ಉಚ್ಚಂಗೆಮ್ಮ. ಬರೆದಿಡುತ್ತೇನೆ, ಯಾಕೆಂದರೆ ನಿಮಗಿಬ್ಬರಿಗೂ ಗೊತ್ತಿರಲಿಕ್ಕಿಲ್ಲ. ಮಾವನ ಫೋಟೊ ಗೋಡೆಯ ಮೇಲಿದೆ, ಸ್ಟುಡಿಯೋದವರು ಬಣ್ಣ ತುಂಬಿ, ಮೀಸೆ ತೀಡಿ, ಬಂಗಾರದ ಕಟ್ಟು ಹಾಕಿಕೊಟ್ಟದ್ದು. ಅತ್ತೆಯದು ಇರುವುದು ವೋಟರ್ ಕಾರ್ಡಿನಲ್ಲಿ, ಮಸಿ ಚೆಲ್ಲಿದಂತೆ. ಐರ್ಲೆಂಡಿನ ಆ ನರ್ಸಿನ ಬೂಟು ಅಳಿಸಿದವರು ಯಾರೋ ಗುರುತಿಲ್ಲದವರು. ಇಲ್ಲಿ ಅಳಿಸಿದವಳು ಸ್ವಂತ ಸೊಸೆ. ಬಸ್ ಹತ್ತಿ ಹೋಗಿ, ಮುಂದೆ ಕೂತು ಅಳಿಸಿಕೊಂಡು ಬಂದವಳು.

ನಮ್ಮವರು ಯಾಕೆ ಹೀಗೆ? ಗುಡಿಯ ಕಲ್ಲುಕಂಬಕ್ಕೆ ಆಯಿಲ್ ಪೇಂಟ್ ಬಳಿಯುತ್ತೇವೆ. ಸವೆದ ಹೊಸ್ತಿಲು ಕಿತ್ತು ಟೈಲ್ಸ್ ಹಾಕಿಸುತ್ತೇವೆ. ಸತ್ತವರ ಫೋಟೊದಲ್ಲಿ ಸುಕ್ಕು ತೆಗೆಸುತ್ತೇವೆ. ಹೊಳೆಯುವುದೇ ಗೌರವ ಎಂದು ನಮಗೆ ಕಲಿಸಿದವರು ಯಾರು?

ಮೇಷ್ಟ್ರ ಹತ್ತಿರ ಹೋದೆ. "ಕಾರ್ಡಿನ್ಯಾಗ ನಮ್ಮ ಅತ್ತಿ ಹೆಸರೂ ಬರೀರಿ ಸರ," ಎಂದೆ.

ವೀರೇಶ ಮೇಷ್ಟ್ರು ಕೆಟ್ಟವರಲ್ಲ. ತಲೆ ಕೆರೆದುಕೊಂಡರು. "ನಾನು ನಂಬ್ತೀನಮ್ಮ. ಆದ್ರ ಇತಿಹಾಸ ಅಂತ ಹಾಕ್ಬೇಕಂದ್ರ ಏನಾದ್ರೂ ಸಾಕ್ಷಿ ಬೇಕಲ್ರಿ. ಆ ನಗ್ಗು ಇದ್ದಿದ್ರ..." ಎಂದವರು ನನ್ನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು.

"ನಾನು ಕುಂತಿಲ್ಲೇನಪ್ಪ ಸಾಕ್ಷಿ?" ಎಂದರು ಹಾಲಮ್ಮಕ್ಕ.

"ನೀವು ಆಗ ಎಂಟು ವರ್ಷದೋರು ಅಜ್ಜಿ. ಅಷ್ಟು ನೆನಪಿರ್ತೈತಾ?"

"ನಿನಗ ಈಗ ನಲವತ್ತು ಆಗಿರಬೇಕು. ಮೊನ್ನೆ ಸೋಮವಾರ ಏನ್ ಪಲ್ಯ ತಿಂದಿ, ಹೇಳು ನೋಡೋಣ?"

ಮಕ್ಕಳು ನಕ್ಕರು, ಮೇಷ್ಟ್ರೂ ನಕ್ಕರು. ಆದರೆ ಕಾರ್ಡು ಬದಲಾಗಲಿಲ್ಲ. ಪ್ರದರ್ಶನ ಇನ್ನೂ ಒಂದು ದಿನ ಇದೆ, ಹಳೇ ಫೋಟೊ ಗೀಟೊ ಸಿಕ್ಕರೆ ತನ್ನಿ ಎಂದರು. ಮನೆಗೆ ಒಯ್ದು ನೋಡಿ ಎಂದು ತಂಬಿಗೆಯನ್ನೂ ಕೊಟ್ಟರು.

ಸಿದ್ದೇಶ, ಇಲ್ಲಿಯವರೆಗೆ ನೀನು ಕಂಡದ್ದೇ. ಮುಂದಿನದು ನಿನಗೂ ಗೊತ್ತಿಲ್ಲ.

ಮರುದಿನ ಬೆಳಿಗ್ಗೆ ಯಾರಿಗೂ ಹೇಳದೆ ಮತ್ತೆ ಕೊಟ್ಟೂರಿಗೆ ಹೋದೆ. ಈಗಿನವರು ಎಲ್ಲದರ ಫೋಟೊ ತೆಗೆಯುತ್ತಾರಲ್ಲ, ರಿಪೇರಿಗೆ ಮೊದಲು ಖಾದರಸಾಬ್ರೂ ಮೊಬೈಲಿನಲ್ಲಿ ಒಂದು ತೆಗೆದಿರಬಹುದೆಂಬ ಆಸೆ. ಬಸ್ಸಿನಲ್ಲಿ ಕೂತಲ್ಲಿ ಕೂರಲಾಗಲಿಲ್ಲ. ಮಡಿಲಲ್ಲಿ ತಂಬಿಗೆ. ಸ್ಟಾಪು ಬರುವ ಮೊದಲೇ ಎರಡು ಸಲ ಎದ್ದು ನಿಂತೆ.

ಫೋಟೊ ಇರಲಿಲ್ಲ. "ನಗ್ಗಿದ ತಂಬಿಗಿ ಫೋಟೊ ಯಾರ್ ತಗೀತಾರಮ್ಮ?" ಎಂದರು. ಸರಿಯೇ. ಯಾಕೆ ಬೇಕೆಂದು ಕೇಳಿದರು. ಹೇಳಿದೆ. ಪೂರ್ತಿ ಹೇಳಿದೆ. ಅಷ್ಟು ಉದ್ದ ಮಾತನ್ನು ನಾನು ಹೊರಗಿನವರೆದುರು ಆಡಿದ್ದು ಅದೇ ಮೊದಲು.

ಖಾದರಸಾಬ್ರು ತಂಬಿಗೆ ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. "ಅದಕ್ಯಾಕ ಇಷ್ಟು ಫಿಕರ್ ಮಾಡ್ತೀರಮ್ಮ? ತೆಗದೋನು ನಾನು, ಹಾಕಾಕ ಬರಲ್ಲೇನು? ಎಲ್ಲಿತ್ತು, ಎಷ್ಟಿತ್ತು ಹೇಳ್ರಿ. ಎರಡು ಪೆಟ್ಟು. ಯಾರಪ್ಪಗೂ ಗೊತ್ತಾಗಲ್ಲ."

ಮಕ್ಕಳೇ, ನಾನು ಬೇಡವೆನ್ನಲಿಲ್ಲ. ತಂಬಿಗೆ ಹಿಡಿದೆ. ಹೆಬ್ಬೆರಳು ತಾನಾಗಿ ಹೋಗಿ ಆ ಜಾಗದಲ್ಲಿ ನಿಂತಿತು. ಅಟ್ಟ ಸೇರುವ ಮೊದಲು ಎಷ್ಟು ವರ್ಷ ಅದನ್ನು ಬೆಳಗಿದ ಕೈ ಇದು, ಮರೆಯುತ್ತದೆಯೇ? "ಇಲ್ಲೇರಿ," ಎಂದೆ. ಅವರು ಅಲ್ಲೊಂದು ಸೀಮೆಸುಣ್ಣದ ಗುರುತು ಹಾಕಿದರು. ತಂಬಿಗೆಯನ್ನು ಮರಳಚೀಲದ ಮೇಲಿಟ್ಟರು. ಸುತ್ತಿಗೆ ಎತ್ತಿದರು.

ಎರಡು ಪೆಟ್ಟು. ಸಂಜೆಯೊಳಗೆ ಅತ್ತೆಯ ಹೆಸರು ಕಾರ್ಡಿನಲ್ಲಿ. ಕಥೆ ನಿಜ, ಜಾಗ ನಿಜ, ಆಳ ನಿಜ. ಸುಳ್ಳೆಲ್ಲಿದೆ?

"ಬ್ಯಾಡ್ರಿ," ಎಂದೆ. ಬಾಯಿಂದ ಕಿರುಚಿದ ಹಾಗೆ ಬಂತು.

"ಯಾಕಮ್ಮ?"

"ಆಕಿ ಪೆಟ್ಟು ತಿಂದದ್ದು ಆ ಪೊಲೀಸನ ಕೈಯಾಗ. ಇದು ನಿಮ್ಮ ನಗ್ಗು ಆಗ್ತೈತ್ರಿ."

ಅವರು ಸುತ್ತಿಗೆ ಕೆಳಗಿಟ್ಟರು. "ಸರಿ ಬಿಡ್ರಿ. ತಾಯಿಯಂಥಾಕಿಗೆ ಹೊಡದ ಪಾಪ ನನಗ್ಯಾಕ?" ಎಂದು ಸೀಮೆಸುಣ್ಣ ಒರೆಸಿ ಕೊಟ್ಟರು.

ಮಧ್ಯಾಹ್ನ ಶಾಲೆಗೆ ಹೋದೆ. ಮೇಷ್ಟ್ರಲ್ಲಿ ಒಂದು ಹಾಳೆ ಕೇಳಿದೆ. ಅಲ್ಲೇ ಬೆಂಚಿನ ಮೇಲೆ ಕೂತು ಬರೆದೆ: "ಈ ತಂಬಿ​ಗೆಯಲ್ಲಿ ಗುಡ್ಡಕ್ಕೆ ನೀರು ಹೊತ್ತವರು ಹನುಮಪ್ಪನವರ ಹೆಂಡತಿ ಉಚ್ಚಂಗೆಮ್ಮ. ಬಯಲಿಗೆ ಹೋಗುವ ನೆಪದಲ್ಲಿ ಹೊತ್ತರು. ಪೊಲೀಸರ ಲಾಠಿಯಿಂದ ಇದಕ್ಕೊಂದು ನಗ್ಗು ಬಿದ್ದಿತ್ತು. ಅದನ್ನು ಕಣ್ಣಾರೆ ಕಂಡ ಮಗಳು ಹಾಲಮ್ಮ ಇನ್ನೂ ಇದ್ದಾರೆ. ಪ್ರದರ್ಶನಕ್ಕೆ ಕೊಡುವ ಮೊದಲು ಆ ನಗ್ಗು ತೆಗೆಸಿದವಳು ನಾನು, ಅವರ ಸೊಸೆ." ಕೆಳಗೆ ನನ್ನ ಸಹಿ.

ಮೇಷ್ಟ್ರು ಎರಡು ಸಲ ಓದಿದರು. "ಕೊನೀ ಮಾತು ಬೇಕೇನಮ್ಮ? ಬಿಟ್ರೂ ನಡೀತೈತಿ," ಎಂದರು.

"ಅದು ಬಿಟ್ರ ಉಳಿದದ್ದು ಯಾರ್ ನಂಬ್ತಾರ ಸರ?"

ತಾವೇ ಗೋಂದು ಹಚ್ಚಿ ಕಾರ್ಡಿನ ಕೆಳಗೆ ಅಂಟಿಸಿದರು. ಸಂಜೆವರೆಗೆ ಜನ ಬಂದರು, ಓದಿದರು. ಓದಿದವರು ತಂಬಿಗೆ ನೋಡಿ, ತಿರುಗಿ ನನ್ನನ್ನು ನೋಡಿದರು. ನಮ್ಮ ಓಣಿಯ ಗೆಳತಿಯೊಬ್ಬಳು ಕಿವಿಯಲ್ಲಿ, "ಇದನ್ನ ಯಾಕ ಬರದಿ? ಮರ್ಯಾದಿ ಹೋಗಲ್ಲೇನ?" ಎಂದಳು. ಹೋಯಿತೇನೋ. ಆದರೆ ಹೋಗುವಾಗ ಅವಳೇ, "ನಮ್ಮ ಮನ್ಯಾಗೂ ಒಂದು ಸೊಟ್ಟ ಕೊಡ ಐತಿ. ಯಾರು ಸೊಟ್ಟ ಮಾಡಿದ್ರೋ ಕೇಳಬೇಕು," ಎನ್ನುತ್ತಾ ಹೋದಳು. ಹಾಲಮ್ಮಕ್ಕನಿಗೆ ಫೋನಿನಲ್ಲಿ ಓದಿ ಹೇಳಿದೆ. "ಹೊಟ್ಟಿ ಕೆಟ್ಟಿದ್ದು ಯಾಕ ಬರೀಲಿಲ್ಲಲೇ?" ಎಂದು ಬೈದರು. ಅದನ್ನು ಇಲ್ಲಿ ಬರೆದಿದ್ದೇನೆ.

ತಂಬಿಗೆ ಮನೆಗೆ ಬಂದಿದೆ. ಹೊಳೆಯುತ್ತಲೇ ಇದೆ. ಅದನ್ನು ನೋಡಿದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಹಾಲಮ್ಮಕ್ಕ ಎಷ್ಟು ದಿನ ಇರುತ್ತಾರೆ? ನಾನು ಎಷ್ಟು ದಿನ?

ಆದ್ದರಿಂದ, ರೇಖಾ, ಸಿದ್ದೇಶ, ಈ ಹಾಳೆಗಳನ್ನು ಜೋಪಾನವಾಗಿಡಿ. ಒದ್ದೆಯಾಗದಂತೆ, ಗೆದ್ದಲು ಹತ್ತದಂತೆ. ಮುಂದೊಂದು ದಿನ ಯಾರಾದರೂ ಕೇಳಿ ಬಂದಾಗ, ಅಜ್ಜಿಯ ಮರ್ಯಾದೆ ಉಳಿಸಬೇಕೆಂದು ನನ್ನ ತಪ್ಪಿರುವ ಹಾಳೆಯನ್ನು ತೆಗೆದಿಟ್ಟು ಉಳಿದವನ್ನಷ್ಟೇ ಕೊಡಬೇಡಿ.